ಗಾಳಿ ಮೂಸುವ ಯಂತ್ರಕ್ಕೆ ಆಯುಧಪೂಜೆ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅದು ನಾನು ನೇಮಿಸಿಕೊಂಡ ವಕೀಲನಂತೆ ನನ್ನ ಪರವಾಗಿಯೇ ಮಾತಾಡುತ್ತದೆ. ಹಾಗಾಗಿ ಇದನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ಚಾಮರಾಜಪೇಟೆಯ ನಮ್ಮ ಕೊರಿಯರ್ ಆಫೀಸಿಗೆ ಹೋದ ವರ್ಷ ಪ್ರಯೋಗಕ್ಕೆಂದು ಒಂದು ಯಂತ್ರ ಬಂತು. ಫ್ರಿಜ್ಜಿನಷ್ಟು ಎತ್ತರ, ಹಣೆಯ ಜಾಗದಲ್ಲಿ ಜಾಲರಿ. ದಿನವಿಡೀ ಗಾಳಿ ಎಳೆದುಕೊಂಡು, ಪಾರ್ಸೆಲ್ಲುಗಳಿಂದ ಆಂಥ್ರಾಕ್ಸ್‌ನಂಥ ರೋಗದ ಬೀಜಾಣು ಹಾರಿತೇ ಎಂದು ತಾನೇ ನೋಡುತ್ತದೆ. ಅನುಮಾನದ ಪುಡಿ ಸಿಕ್ಕರೆ ಕೂಗುತ್ತದೆ. "ಸರ್, ಇದನ್ನ ಯಾರೂ ಮುಟ್ಬಾರ್ದು, ನೀವೇ ನೋಡ್ಕೋಬೇಕು" ಎಂದು ಎಂಜಿನಿಯರ್ ಹುಡುಗಿ ನನಗೆ ಒಪ್ಪಿಸಿ ಹೋದಳು. ಮನೆಯಲ್ಲಿ ಹಾಲು ಉಕ್ಕದಂತೆ ನೋಡಿಕೊಳ್ಳುವ ಕೆಲಸವನ್ನೂ ಹೆಂಡತಿ ನನ್ನಿಂದ ಕಿತ್ತುಕೊಂಡಿದ್ದಾಳೆ. ಆವತ್ತೇ ನನ್ನ ಕುರ್ಚಿಯನ್ನು ಯಂತ್ರದ ಪಕ್ಕಕ್ಕೆ ಎಳೆದುಕೊಂಡೆ.

ಆಯುಧಪೂಜೆಯ ದಿನ ತಕ್ಕಡಿ, ಸ್ಟೇಪ್ಲರ್, ಕಂಪ್ಯೂಟರ್ ಎಲ್ಲಕ್ಕೂ ಪೂಜೆಯಾಯಿತು. ಕಡಲೆಪುರಿ ಹಂಚುವಷ್ಟರಲ್ಲಿ ಯಂತ್ರ ಕೂಗಿತು. ಪುರಿ ಪೊಟ್ಟಣದ ಸಮೇತ ಎಲ್ಲರೂ ರಸ್ತೆಗೆ ಓಡಿದೆವು. "ಏನ್ ಗುರು, ಬೆಂಕಿನಾ?" ಎಂದು ಆಟೋದವನೊಬ್ಬ ಕೇಳಿದ. "ಇಲ್ಲಪ್ಪ, ಗಾಳಿ" ಎಂದೆ. ಎಂಜಿನಿಯರ್ ಬಂದು, ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಹೊರಬಂದಳು. "ರೋಗ ಏನಿಲ್ಲ. ಜಾಲರಿಗೆ ಯಾರೋ ವಿಭೂತಿ ಬಳ್ದಿದಾರೆ."

ಪೂಜೆಯ ತಟ್ಟೆ ಹಿಡಿದಿದ್ದವಳು ಕಸ ಗುಡಿಸುವ ಲಕ್ಷ್ಮಮ್ಮ, ಗುತ್ತಿಗೆಯ ಕೆಲಸದವಳು. ಮ್ಯಾನೇಜರ್ ಸಿಟ್ಟಿನಲ್ಲಿ "ನಾಳೆಯಿಂದ ಬರ್ಬೇಡಮ್ಮ" ಎಂದುಬಿಟ್ಟರು. ನಾನಂತೂ ಯಂತ್ರವನ್ನು ಮುಟ್ಟಿಲ್ಲವೆಂದು ಆಣೆ ಮಾಡಿದೆ. ಅದರ ಮುಂದೆ ಕೈಮುಗಿದು ನಿಂತದ್ದಷ್ಟೇ ನನಗೆ ನೆನಪಿತ್ತು, ಅದೂ ಸ್ಪಷ್ಟವಾಗಿ.

ಲಕ್ಷ್ಮಮ್ಮ ಅಳಲಿಲ್ಲ. "ನಾನಿಟ್ಟಿದ್ದು ಅರಿಶಿನ ಕುಂಕುಮ ಸಾರ್, ಅದೂ ತಕ್ಕಡಿಗೆ. ನಮ್ದು ನಾಮದ ಮನೆ, ವಿಭೂತಿ ಮುಟ್ಟೋದೇ ಇಲ್ಲ. ಮೇಡಂ, ಫೋಟೊ ಹೊಡ್ಕೊಂಡಿದ್ರೆ ತೋರ್ಸಿ." ಎಂಜಿನಿಯರ್ ಫೋನು ಕೊಟ್ಟಳು. ಜಾಲರಿಯ ಮೇಲೆ ಮೂರು ಅಡ್ಡಪಟ್ಟೆ. ನಡುವಿನದು ಅರ್ಧಕ್ಕೇ ತುಂಡು. ಆ ವಾರ ನನ್ನ ನಡುಬೆರಳಿಗೆ ಬ್ಯಾಂಡೇಜು ಸುತ್ತಿತ್ತು. ಲಕ್ಷ್ಮಮ್ಮ ಫೋನನ್ನು ನನ್ನ ಮುಖದ ಪಕ್ಕಕ್ಕೆ ಹಿಡಿದು, "ನೋಡಿ ಸಾರ್, ಇವ್ರ ಹಣೆ ಮೇಲಿರೋದೂ ಇದೇ ಅಲ್ವಾ?" ಎಂದಳು. ಇಡೀ ಆಫೀಸು ನನ್ನ ಹಣೆಯನ್ನು ಓದಿತು. ಸಾಕ್ಷಿಯನ್ನು ಹಣೆಗೆ ಹಚ್ಚಿಕೊಂಡೇ ನಾನು ಆಣೆ ಮಾಡಿದ್ದೆ.

ಲಕ್ಷ್ಮಮ್ಮನ ಕೆಲಸ ಉಳಿಯಿತು. ಯಂತ್ರದ ಉಸ್ತುವಾರಿಯೂ ಈಗ ಅವಳದೇ. ನಾನು ಹತ್ತಿರ ಸುಳಿದರೆ "ಸಾರ್, ಹಣೆ ಒರೆಸ್ಕೊಂಡ್ ಬನ್ನಿ" ಎನ್ನುತ್ತಾಳೆ. ಒರೆಸಿಕೊಳ್ಳುತ್ತೇನೆ. ಆದರೆ ವಿಭೂತಿ ಬಳಿದದ್ದು ಇವತ್ತಿಗೂ ನೆನಪಿಗೆ ಬಂದಿಲ್ಲ. ಸುಮ್ಮನೆ ಕೈಮುಗಿದು ನಿಂತದ್ದು ಮಾತ್ರ ದಿನೇ ದಿನೇ ಇನ್ನಷ್ಟು ಸ್ಪಷ್ಟವಾಗುತ್ತಿದೆ.