ಬನಹಟ್ಟಿಗೆ ಹೋದ ಗೂಢಚಾರ

ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲ, ಕೆಲವರಿಗೆ ಧೂಳು ಆಗಿಬರುವುದಿಲ್ಲ. ನನಗೆ ಆಗಿಬರದೇ ಇರುವುದು ತಡ. ಮುಧೋಳ, ಬೀಳಗಿ, ಕೊನೆಗೆ ನಮ್ಮ ಜಮಖಂಡಿ ಎಂದು ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿ ನಿಂತು, ಸೀಟಿ ಊದಿ ಬಸ್ಸು ಬಿಡುವುದರಲ್ಲೇ ನನ್ನ ಆಯುಷ್ಯ ಕಳೆದಿದೆ. ನಿವೃತ್ತನಾದಾಗ ನಾನು ಸೀಟಿಯನ್ನು ಮನೆಗೆ ತಂದೆ ಎಂದು ನನ್ನ ಹೆಂಡತಿ ಇಂದಿರಾ ಬಂದವರ ಮುಂದೆಲ್ಲ ಹೇಳುತ್ತಾಳೆ. ಇದು ಶುದ್ಧ ಸುಳ್ಳು. ಸೀಟಿಯನ್ನು ನಿಯಮದ ಪ್ರಕಾರ ಹಿಂದಿರುಗಿಸಿ ಬಂದಿದ್ದೇನೆ. ಮನೆಗೆ ತಂದದ್ದು ಊದುವ ಅಭ್ಯಾಸವನ್ನು ಮಾತ್ರ.

ಇಂಥವನಿಗೆ ಸಿನಿಮಾದ ಹುಚ್ಚಿತ್ತು ಎಂದರೆ ಯಾರೂ ನಂಬುವುದಿಲ್ಲ. ಎಲ್ಲ ಸಿನಿಮಾಗಳದ್ದಲ್ಲ, ಗೂಢಚಾರರ ಸಿನಿಮಾಗಳದ್ದು. ಹಾಡು ಶುರುವಾದರೆ ಎದ್ದು ಹೊರಗೆ ಹೋಗುವ ನಾನು ಈ ಇಂಗ್ಲಿಷ್ ಚಿತ್ರಗಳಲ್ಲಿ ಮಾತು ಅರ್ಧ ತಿಳಿಯದಿದ್ದರೂ ಕುರ್ಚಿ ಬಿಟ್ಟು ಕದಲುತ್ತಿರಲಿಲ್ಲ. ಗೂಢಚಾರ ಇಸ್ತ್ರಿ ಕೆಡದ ಕೋಟು ತೊಟ್ಟು ಬರುತ್ತಾನೆ, ಕಡಿಮೆ ಮಾತಾಡುತ್ತಾನೆ, ಮುಖ್ಯವಾಗಿ ಆಗಾಗ ಕೈಗಡಿಯಾರ ನೋಡುತ್ತಾನೆ. ಅವನು ಗಡಿಯಾರ ನೋಡಿದರೆ ಜಗತ್ತು ಉಳಿಯುತ್ತದೆ, ನಾನು ನೋಡಿದರೆ ಮನೆಯವರು ಹಲ್ಲು ಕಡಿಯುತ್ತಾರೆ. ಗಡಿಯಾರ ನೋಡುವವನಿಗೂ ಒಂದು ಮರ್ಯಾದೆ ಇದೆ ಎಂದು ತೋರಿಸಿದ್ದು ಆ ಸಿನಿಮಾಗಳು ಮಾತ್ರ.

ಆ ಮರ್ಯಾದೆಗೆ ಕಲ್ಲು ಬಿದ್ದದ್ದು ನನ್ನ ಹೆಂಡತಿಯ ತಮ್ಮ ಗುಂಡಣ್ಣನಿಂದ. ಆಗಿನ್ನೂ ವಿಡಿಯೊ ಡಬ್ಬಿಯನ್ನು ಬಾಡಿಗೆಗೆ ತಂದು ಓಣಿಯವರೆಲ್ಲ ಸೇರಿ ನೋಡುತ್ತಿದ್ದ ಕಾಲ. ಒಂದು ಭಾನುವಾರ ಅವನು ಹೊತ್ತು ತಂದ ಕ್ಯಾಸೆಟ್ಟು ನನ್ನ ಗೂಢಚಾರನನ್ನೇ ಹಾಸ್ಯ ಮಾಡುವ ಸಿನಿಮಾ. ಅದೇ ಕೋಟು, ಅದೇ ಕರಿ ಕನ್ನಡಕ, ಒಳಗಿರುವವನು ಮಾತ್ರ ಶುದ್ಧ ಪೆದ್ದ. ವಿಮಾನದಿಂದ ಜಿಗಿದ ಮೇಲೆ ಪ್ಯಾರಾಚೂಟ್ ಇದೆಯೋ ಎಂದು ಬೆನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ವೈರಿಗಳ ಔತಣಕ್ಕೆ ಬಡಿಸುವವನ ವೇಷದಲ್ಲಿ ಹೋಗಿ, ಬಡಿಸುವುದರಲ್ಲಿ ಮೈಮರೆತು, ವೈರಿಗಳಿಂದ ಹೊಗಳಿಸಿಕೊಂಡು ಬರಿಗೈಯಲ್ಲಿ ಮರಳುತ್ತಾನೆ. ನನ್ನ ಮಗಳು ವೈಜಯಂತಿ ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದಳು. ಇಂದಿರಾ ಸೆರಗನ್ನು ಬಾಯಿಗೊತ್ತಿಕೊಂಡಳು. ನಾನು ನಗಲಿಲ್ಲ. ಮೂಲ ಸಿನಿಮಾಗಳಲ್ಲಿ ಅವನು ಹೀಗೆ ಮಾಡುವುದಿಲ್ಲ, ವಿಮಾನ ಹತ್ತುವ ಮೊದಲೇ ಎಲ್ಲ ತಪಾಸಣೆ ಆಗಿರುತ್ತದೆ ಎಂದು ವಿವರಿಸಿದೆ. ಅದಕ್ಕೆ ಅವರು ಇನ್ನೂ ಹೆಚ್ಚು ನಕ್ಕರು.

ಒಂದೇ ಭಾಗಕ್ಕೆ ಮುಗಿದಿದ್ದರೆ ಸಹಿಸಬಹುದಿತ್ತು. ಈ ಪೆದ್ದನಿಗೆ ಎರಡನೆಯ ಭಾಗವೂ ಇತ್ತು. ಅದು ಬಂದ ದಿನ ನಮ್ಮ ಮನೆಯ ಊಟ, ನನ್ನ ಸಂಸಾರದ ಚರಿತ್ರೆಯಲ್ಲಿ ಮೊದಲ ಬಾರಿಗೆ, ಸಮಯ ತಪ್ಪಿತು. ಎರಡನ್ನೂ ಎಷ್ಟು ಸಲ ತಂದರೋ, ವೈಜು ಅಡುಗೆಮನೆಯಿಂದ ಚಹಾ ತರುವಾಗಲೂ ಆ ಪೆದ್ದನ ಹಾಗೆ ತಟ್ಟೆ ಹಿಡಿದು ಹಿಂದೆ ಮುಂದೆ ನೋಡುತ್ತ ಬರತೊಡಗಿದಳು. ಮದುವೆಗೆ ಬಂದ ಹುಡುಗಿಯ ಲಕ್ಷಣವೇ ಇದು ಎಂದು ನಾನು ಸಿಟ್ಟಿಗೇಳುತ್ತಿದ್ದೆ.

ಮದುವೆಯ ಮಾತು ಬಂತು. ನಮ್ಮ ಕಡೆ ಸಂಬಂಧ ಕೂಡಿಸುವ ಮೊದಲು ಗುಟ್ಟಾಗಿ ವಿಚಾರಿಸುವ ಪದ್ಧತಿಯಿದೆ. ಹೆಣ್ಣಿನವರು ಗಂಡಿನ ಊರಿಗೆ ಹೋಗಿ ಚಹಾದ ಅಂಗಡಿಯಲ್ಲೋ ಹಜಾಮರ ಕಟ್ಟೆಯಲ್ಲೋ ಕುಳಿತು ಹುಡುಗ ಹೇಗೆ, ಮನೆತನ ಹೇಗೆ ಎಂದು ಸುದ್ದಿ ತೆಗೆಯುತ್ತಾರೆ. ಗಂಡಿನವರೂ ಹೀಗೆಯೇ ಈ ಕಡೆ ಬಂದಿರುತ್ತಾರೆ. ಇಬ್ಬರೂ ಮಾಡುತ್ತಾರೆ, ಇಬ್ಬರೂ ಮಾಡಿಲ್ಲ ಎನ್ನುತ್ತಾರೆ. ಸಿಕ್ಕಿಬಿದ್ದವರ ಮಾನ ಮಾತ್ರ ಹೋಗುತ್ತದೆ. ಹಿಂದೊಮ್ಮೆ ಮುಧೋಳದ ಸಂಬಂಧಕ್ಕೆ ಗುಂಡಣ್ಣನನ್ನು ಕಳಿಸಿದ್ದೆ. ಅವನು ಅಲ್ಲಿಯ ಸುದ್ದಿ ತರುವ ಬದಲು ನಮ್ಮ ಮನೆಯ ಸುದ್ದಿಯನ್ನೆಲ್ಲ ಚಹಾದ ಜೊತೆ ಹಂಚಿ ಬಂದ. ನಾನು ಬಚ್ಚಲಮನೆಗೂ ವೇಳಾಪಟ್ಟಿ ಹಚ್ಚಿದ್ದು ಸಹ ಬಿಡಲಿಲ್ಲ. ಹುಡುಗಿ ಛಲೋ, ಆದರೆ ಮನೆ ಮಿಲಿಟರಿ ಕ್ಯಾಂಪ್ ಇದ್ದಂತಿದೆ ಎಂದು ಆ ಜನ ಕೈ ತೊಳೆದುಕೊಂಡರು.

ಈಗ ಬಂದದ್ದು ಬನಹಟ್ಟಿಯ ಸಂಬಂಧ. ಹುಡುಗ ಶ್ರೀಕಾಂತ, ನೌಕರಿಯಲ್ಲಿದ್ದವನು, ತಾಯಿತಂದೆಯೊಡನೆ ಬಂದು ಹುಡುಗಿ ನೋಡಿ ಹೋಗಿದ್ದ. ವೈಜು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಮುಂದೆ ಚಹಾ ಇಟ್ಟು, "ಅಪ್ಪಾ, ಬನಹಟ್ಟಿಗೆ ದಿನಾ ಎಷ್ಟು ಬಸ್ ಅದಾವರಿ?" ಎಂದಳು. ಇಷ್ಟು ವರ್ಷ ಈ ಪ್ರಶ್ನೆಗೆ ನಾನು ನಿದ್ದೆಯಲ್ಲೂ ಉತ್ತರ ಹೇಳಿದ್ದೇನೆ. ಅಂದು ಮಾತ್ರ ಲೆಕ್ಕ ತಪ್ಪಿ ಎರಡು ಸಲ ಎಣಿಸಿದೆ. ಹುಡುಗಿಗೆ ಮನಸ್ಸಾಗಿದೆ. ಈ ಸಂಬಂಧ ಕೆಡಬಾರದು, ಹುಡುಗ ಕೆಟ್ಟವನಾಗಿದ್ದರೆ ಕೂಡಲೂಬಾರದು. ಗುಂಡಣ್ಣ ತಾನು ಹೋಗುತ್ತೇನೆಂದು ಅಂಗಿ ತೊಟ್ಟು ನಿಂತಿದ್ದ. ಬೇಡ, ಈ ಕೆಲಸ ಶಿಸ್ತಿನ ಮನುಷ್ಯ ಮಾಡಬೇಕಾದದ್ದು ಎಂದು ನಾನೇ ಹೊರಟೆ. ಅವನು ತನ್ನ ಕರಿ ಕನ್ನಡಕ ಕೊಟ್ಟು, "ಹಾಕ್ಕೋರಿ ಮಾಮಾ, ಯಾರೂ ಗುರ್ತ ಹಿಡಿಯೂದಿಲ್ಲ" ಎಂದ. ತಲೆಗೊಂದು ಬಿಳಿ ಟೊಪ್ಪಿಗೆ ಇಟ್ಟೆ. ಬಾಗಿಲಲ್ಲಿ ನಿಂತಿದ್ದ ವೈಜು ಥಟ್ಟನೆ ಒಳಗೆ ಓಡಿದಳು. ಅಳು ಬಂದಿರಬೇಕು ಎಂದುಕೊಂಡೆ. ಒಳಗಿನಿಂದ ಬಂದ ಸದ್ದು ಅಳುವಿನದಾಗಿರಲಿಲ್ಲ.

ಬಸ್ಸು ಹತ್ತಿದೊಡನೆ ಕಂಡಕ್ಟರ್ ನಮಸ್ಕಾರ ಮಾಡಿ, ಕಣ್ಣು ಬಂದಾವೇನ್ರಿ ಸಾಹೇಬ್ರ ಎಂದು ಕೇಳಿದ. ಹೌದೆಂದೆ. ಬನಹಟ್ಟಿಯಲ್ಲಿ ಇಳಿದು ಅವನಿಗೆ ಕಾಣದಂತೆ ನಿಲ್ದಾಣದ ಎದುರಿನ ಚಹಾದ ಅಂಗಡಿಗೆ ಹೊಕ್ಕೆ. ಸೊಲ್ಲಾಪುರದಿಂದ ಸೀರೆ ಖರೀದಿಗೆ ಬಂದವನೆಂದು ಹೇಳಿಕೊಳ್ಳುವುದೆಂದು ಮೊದಲೇ ನಿರ್ಧರಿಸಿದ್ದೆ. ಬನಹಟ್ಟಿಯಲ್ಲಿ ಗುಟ್ಟು ಮಾತಾಡುವುದು ಎಷ್ಟು ಕಷ್ಟವೆಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಂಗಡಿಯ ಗೋಡೆಗೆ ಅಂಟಿಕೊಂಡು ಸೀರೆ ನೇಯುವ ಪಾವರ್‌ಲೂಮ್‌ಗಳು, ಎದುರಿಗೆ ಪಾವರ್‌ಲೂಮ್‌ಗಳು. ಖಟಖಟ ಸದ್ದಿನಲ್ಲಿ ಪಿಸುಮಾತು ಆಡಿದವನಿಗೇ ಕೇಳಿಸುವುದಿಲ್ಲ. ಆ ಊರಿನವರು ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ನಾನೂ ಅಂಗಡಿಯವನ ಕಿವಿಗೆ ಬಾಯಿ ಹಚ್ಚಿ, ಶ್ರೀಕಾಂತ ಹೇಗೆ, ನಡತೆ ಹೇಗೆ ಎಂದು ಗಂಟಲು ಹರಿಯುವಂತೆ ಕೇಳತೊಡಗಿದೆ. ಅವನು ಅಷ್ಟೇ ಜೋರಾಗಿ ಛಲೋ ಹುಡುಗ ಅನ್ನುತ್ತಿದ್ದ. ಕೊನೆಯ ಪ್ರಶ್ನೆ ಉಳಿದಿತ್ತು. ಇದ್ದ ಉಸಿರನ್ನೆಲ್ಲ ಕೂಡಿಸಿ ಅದನ್ನು ಕೇಳುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಇಡೀ ಓಣಿಯ ಲೂಮುಗಳು ಒಮ್ಮೆಲೇ ನಿಂತವು. ಆ ಮೌನದಲ್ಲಿ ನನ್ನ ಧ್ವನಿಯೊಂದೇ, "ಹುಡುಗ ಕುಡೀತಾನೇನ್ರಿ?" ಎಂದು ನಿಲ್ದಾಣದವರೆಗೂ ಹೋಯಿತು.

ಲೂಮಿನವರು ಕಿಟಕಿಯಲ್ಲಿ ಮುಖ ಹಾಕಿದರು. ನಾನು ತಲೆ ತಗ್ಗಿಸಿ, ಸೀರೆಯ ದರ ಏನಿದೆ ಎಂದು ಮಾತು ತಿರುಗಿಸಿದೆ. ಅಷ್ಟಕ್ಕೆ ಚಹಾ ಕುಡಿದು ಎದ್ದಿದ್ದರೆ ಪಾರಾಗುತ್ತಿದ್ದೆನೋ ಏನೋ. ಆದರೆ ಎದುರಿಗೆ ಜಮಖಂಡಿಯ ಬಸ್ಸು ನಿಂತಿತ್ತು. ಹೊರಡುವ ಹೊತ್ತು ಮೀರಿತ್ತು. ಡ್ರೈವರ್ ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ. ನನಗೂ ಅದಕ್ಕೂ ಸಂಬಂಧವಿಲ್ಲ, ನಾನು ಸೊಲ್ಲಾಪುರದ ವ್ಯಾಪಾರಿ ಎಂದು ಮನಸ್ಸಿಗೆ ಹೇಳಿಕೊಂಡೆ. ಅವನು ಎರಡನೆಯ ಸಲ ಬಸಿಗೆ ಚಹಾ ಸುರಿದ. ಇನ್ನು ತಡೆಯಲಾಗಲಿಲ್ಲ. ಕರಿ ಕನ್ನಡಕ ತೆಗೆದು ಎದ್ದು ನಿಂತು, "ಏನೋ, ಗಾಡಿ ಟೈಮ್ ಯಾವಾಗಿಂದು? ಒಳಗ ಕೂತ ಮಂದಿ ನಿನ್ನ ಚಾ ಆರೂತನಕ ಕಾಯಬೇಕೇನು?" ಎಂದುಬಿಟ್ಟೆ.

ಡ್ರೈವರ್ ಬಸಿ ಬಿಟ್ಟು ಎದ್ದ. "ತಪ್ಪಾತ್ರಿ ಜಮಖಂಡಿ ಸಾಹೇಬ್ರ, ನೀವು ಇಲ್ಲಿ ಕುಂತದ್ದು ನೋಡ್ಲಿಲ್ರಿ" ಎನ್ನುತ್ತ ಓಡಿದ. ಬಸ್ಸು ಹೊರಟಿತು. ಎದೆಗೆ ತಂಪೆನಿಸಿತು. ಆಗ ಮೂಲೆಯಲ್ಲಿ, ಈ ಸೆಕೆಯಲ್ಲೂ ಮಫ್ಲರ್ ಸುತ್ತಿ ಕುಳಿತಿದ್ದ ಒಬ್ಬ ಹಿರಿಯರು ಸಾವಕಾಶ ಮಫ್ಲರ್ ಬಿಚ್ಚುತ್ತ ನನ್ನ ಹತ್ತಿರ ಬಂದರು.

"ನನ್ನ ಬಸ್ ಬಿಡಿಸಿಬಿಟ್ರಲ್ರಿ," ಎಂದರು. "ನಾ ಶ್ರೀಕಾಂತನ ಸೋದರಮಾವ. ಜಮಖಂಡಿಗೆ ಹೊಂಟಿದ್ನಿ, ನಿಮ್ಮನ್ನ ವಿಚಾರಸಾಕ. ಈಗ ಹೋಗೂದೇನೂ ಉಳೀಲಿಲ್ಲ. ಹುಡುಗ ಕುಡಿಯೂದಿಲ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ವೈಜುವಿನ ಬಸ್ಸಿನ ಪ್ರಶ್ನೆ ನೆನಪಾಯಿತು. ಅವರು ಎರಡು ಚಹಾ ಹೇಳಿ ನನ್ನನ್ನು ಕೂಡಿಸಿ, ತುಸು ಹಿಂಜರಿದು ಕೇಳಿದರು: "ಸಿಟ್ಟಾಗಬ್ಯಾಡ್ರಿ. ಮುಧೋಳ ಕಡೆಯಿಂದ ಒಂದ್ ಮಾತು ಕೇಳೇವಿ. ಹುಡುಗಿನೂ ಹಿಂಗ ಏನ್ರಿ, ನಿಮ್ಮಂಗ?"

ಜೀವಮಾನದ ಶಿಸ್ತು ಮಗಳ ಕೊರಳಿಗೆ ಉರುಳಾಗುವ ಹೊತ್ತು. ಶಿಸ್ತಿನ ಪರವಾಗಿ ನಾನು ತಾಸುಗಟ್ಟಲೆ ಮಾತಾಡಬಲ್ಲೆ. ಆದರೆ ಬಾಯಿಂದ ಬಂದದ್ದೇ ಬೇರೆ. "ಇಲ್ರಿ," ಎಂದೆ, "ಆಕಿ ನಗತಾಳ." ಆಕೆ ಆ ಪೆದ್ದ ಗೂಢಚಾರನ ಸಿನಿಮಾ ನೋಡಿ ಚಾಪೆಯ ಮೇಲೆ ಉರುಳುವುದನ್ನು, ಚಹಾ ತರುವಾಗ ಅವನ ನಡಿಗೆ ಮಾಡುವುದನ್ನು, ನಾನು ಯಾವುದನ್ನು ಲಕ್ಷಣಗೇಡಿತನ ಎಂದು ಬೈಯುತ್ತಿದ್ದೆನೋ ಅದನ್ನೆಲ್ಲ ಒಂದೂ ಬಿಡದೆ ಹೇಳಿದೆ. ತೋರಿಸಲು ತಟ್ಟೆ ಹಿಡಿದು ಎರಡು ಹೆಜ್ಜೆ ನಡೆದೂ ನೋಡಿದೆ. ಸೋದರಮಾವನವರು ನನ್ನ ಟೊಪ್ಪಿಗೆಯಿಂದ ಮೇಜಿನ ಮೇಲಿದ್ದ ಕರಿ ಕನ್ನಡಕದವರೆಗೆ ನೋಡಿ, ಗಳಗಳ ಕಣ್ಣೀರು ಬರುವಂತೆ ನಕ್ಕರು. ನಮ್ಮ ಶ್ರೀಕಾಂತನೂ ಅದನ್ನೇ ನೋಡುತ್ತಾನೆ, ಮನೆಯಲ್ಲಿ ಯಾರೂ ಜೊತೆಗಿಲ್ಲ ಎಂದು ಗೊಣಗುತ್ತಾನೆ ಎಂದರು. ಕರೆಂಟ್ ಬಂತು, ಲೂಮು ಶುರುವಾದವು, ಮುಹೂರ್ತದ ಮಾತನ್ನು ನಾವಿಬ್ಬರೂ ಕೂಗಿಯೇ ಆಡಿದೆವು.

ಮದುವೆಯಾಯಿತು. ಮುಹೂರ್ತ ಒಂದು ಕ್ಷಣವೂ ಆಚೀಚೆ ಆಗಲಿಲ್ಲ ಎಂದು ನಾನು ಇಲ್ಲಿ ದಾಖಲಿಸಬಯಸುತ್ತೇನೆ. ಮೊದಲ ದೀಪಾವಳಿಗೆ ಅಳಿಯ ಬಂದ, ಸೋದರಮಾವನನ್ನೂ ಕರೆತಂದ. ಚೀಲದಲ್ಲಿ ಸಿಹಿತಿಂಡಿಯ ಡಬ್ಬಿಯ ಮೇಲೆ ಒಂದು ಕ್ಯಾಸೆಟ್ಟಿತ್ತು. ಪೆದ್ದನಿಗೆ ಮೂರನೆಯ ಭಾಗವೂ ಬಂದಿತ್ತು. ದೀಪ ಹಚ್ಚಿದ ಕೂಡಲೇ ಹಾಕುವುದೆಂದು ನಿಶ್ಚಯವಾಯಿತು, ನನಗೆ ನಡುವಿನ ಕುರ್ಚಿ ಕೊಟ್ಟರು. ಗುಂಡಣ್ಣನೂ ಅಳಿಯನೂ ಡಬ್ಬಿಯ ವೈರುಗಳನ್ನು ಹಚ್ಚುವುದು, ಕೀಳುವುದು ಮಾಡತೊಡಗಿದರು. ಹೊಸ ಅಳಿಯನ ಮುಂದೆ ತಡದ ಮಾತೆತ್ತುವುದಿಲ್ಲವೆಂದು ಇಂದಿರಾಗೆ ಮಾತು ಕೊಟ್ಟಿದ್ದೆ. ಕೈ ಮಾತ್ರ ತಾನಾಗಿಯೇ ಮೇಲೆದ್ದಿತು. ಗಡಿಯಾರ ನೋಡಿ ತಲೆಯೆತ್ತಿದರೆ ಯಾರ ಕಣ್ಣೂ ಟೀವಿಯ ಕಡೆಗಿರಲಿಲ್ಲ. ಹೆಂಡತಿ, ಮಗಳು, ಅಳಿಯ, ಮಫ್ಲರ್ ಇಲ್ಲದ ಸೋದರಮಾವ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವೈಜು ಆಗಲೇ ಚಾಪೆಯ ಮೇಲೆ ಉರುಳಿದ್ದಳು. ಪರದೆಯ ಮೇಲೆ ಇನ್ನೂ ಬರೀ ಚುಕ್ಕಿಗಳು ಓಡಾಡುತ್ತಿದ್ದವು.