ಸೀಸೆಯಲ್ಲಿ ಸಿಕ್ಕಿಬಿದ್ದ ಡೀಸೆಲ್

ನಮ್ಮತ್ತೆಯನ್ನು ಶುಭಕಾರ್ಯಕ್ಕೆ ಕರೆಯುವವರು ಮೊದಲು ತಮ್ಮ ಬಾವಿಯನ್ನೊಮ್ಮೆ ಇಣುಕಿ ನೋಡಿಕೊಳ್ಳುವುದು ಒಳ್ಳೆಯದು! ಬೇರೆ ಹೆಂಗಸರು ಹಣ್ಣುಕಾಯಿ ಹಿಡಿದು ಬಂದರೆ ಇವರ ಚೀಲದಲ್ಲಿ ಒಂದು ಗಾಜಿನ ಸೀಸೆ, ಒಂದು ಡಬ್ಬಿ ಕೆಂಪು ಪುಡಿ. ಹಾಸನದಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಹೆತ್ತೂರಿನ ಹತ್ತಿರ ಮಾವನ ಕಾಫಿ ತೋಟಕ್ಕೆ ಬಂದ ಮೇಲೆ ಅವರ ಕೈಗೆ ಸಿಕ್ಕಿದ ವಿದ್ಯಾರ್ಥಿ ನೀರೊಂದೇ.

ಒಮ್ಮೆ ಮಗ್ಗೆ ಎಂಬ ಊರಿನಲ್ಲಿ ನಾಮಕರಣ. ಅಡಿಗೆಗೆ ನೀರು ತರುವ ಹೊಂಡದ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿತ್ತು. ಯಾರೋ ಡೀಸೆಲ್ ಅಂದರು, ಅಡಿಗೆಯವರು ಸೌಟು ಕೆಳಗಿಟ್ಟರು. ಅತ್ತೆ ರೇಷ್ಮೆ ಸೀರೆ ಎತ್ತಿ ಕಟ್ಟಿ, ಕಡ್ಡಿಯಿಂದ ಪೊರೆಯನ್ನು ಚುಚ್ಚಿದರು. ಅದು ಹಪ್ಪಳದಂತೆ ಚೂರಾಯಿತು. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು, ಇದು ಕಬ್ಬಿಣದ ಅಂಶ ತಿಂದು ಬದುಕುವ ಸೂಕ್ಷ್ಮಜೀವಿಗಳ ಕೆಲಸ ಎಂದು ವಿವರಿಸತೊಡಗಿದರು. ವಿವರಣೆ ಮುಗಿಯುವಷ್ಟರಲ್ಲಿ ಮಗುವಿಗೆ ಹೆಸರಿಡುವ ಮುಹೂರ್ತವೂ ಮುಗಿದಿತ್ತು.

ಕಳೆದ ಮಳೆಗಾಲದ ಕೊನೆಗೆ ತೋಟದ ಲೈನುಮನೆಗಳಲ್ಲಿ ವಾಸವಿರುವ ಕೆಲಸದ ಹೆಂಗಸರು, ಕುಡಿಯುವ ಒರತೆಯ ನೀರು ನಾರುತ್ತಿದೆ ಎಂದು ಬಂದರು. ಮಾವ ಒಂದು ಲೋಟ ಮೂಸಿ ಏನೂ ಇಲ್ಲ ಅಂದರು. ತೋಟದ ಲೆಕ್ಕ ಬರೆಯುವ ರೈಟರು ಮೂಸಿ, ಮಾವನ ಮುಖ ನೋಡಿ, ತಾವೂ ಏನೂ ಇಲ್ಲ ಅಂದರು. ರೈಟರ ಮೂಗಿಗೂ ಸಂಬಳ ಕೊಡುವವರು ಮಾವನೇ ತಾನೆ?

"ನಾವು ಸುಳ್ಳು ಹೇಳ್ತೀವಾ ಅಮ್ಮ? ಮಗೀಗೆ ವಾಂತಿ ಆಗ್ತಾ ಐತೆ," ಎಂದಳು ಅವರಲ್ಲೊಬ್ಬಳು.

ಅತ್ತೆ ಲೋಟ ಮೂಸದೆಯೇ ಎದ್ದರು. ಒರತೆಯ ಪಕ್ಕದ ಮಣ್ಣನ್ನು ಸೀಸೆಗೆ ತುಂಬಿ, ನೀರು ಬೆರೆಸಿ, ಎಣ್ಣೆಯಲ್ಲಿ ಮಾತ್ರ ಕರಗುವ ಆ ಕೆಂಪು ಪುಡಿ ಉದುರಿಸಿ ಕುಲುಕಿದರು. ಮಣ್ಣು ತಳ ಸೇರಿದ ಮೇಲೆ ನೀರಿನ ನೆತ್ತಿಯಲ್ಲಿ ತೆಳ್ಳನೆಯ ಕೆಂಪು ಉಂಗುರ ನಿಂತಿತು. ಆಮೇಲೆ ಇಳಿಜಾರು ಹತ್ತುತ್ತಾ ಅಲ್ಲಲ್ಲಿ ಮಣ್ಣು ಅಗೆಸಿದರು. ಗುದ್ದಲಿ ಹಿಡಿದವನು ನಾನು. ಮೇಲೆ ಹೋದಷ್ಟೂ ಉಂಗುರ ದಪ್ಪವಾಯಿತು. ಕೊನೆಗೆ ನಾವು ತಲುಪಿದ್ದು ಮಾವನದೇ ಪಂಪ್ ಶೆಡ್ಡಿನ ಹಿಂದೆ, ತುಕ್ಕು ತಿಂದು ಸೋರುತ್ತಿದ್ದ ಡೀಸೆಲ್ ಡ್ರಮ್ಮಿನ ಬುಡಕ್ಕೆ.

"ನಿಂಗೆ ಹಿಡಿಯಾಕೆ ಬೇರೆ ಯಾರೂ ಸಿಗ್ಲಿಲ್ವೇನೇ?" ಅಂದರು ಮಾವ.

"ಡೀಸೆಲ್ಲು ಮೊಖ ನೋಡಿ ಸೋರಲ್ಲ ಕಣ್ರೀ," ಅಂದರು ಅತ್ತೆ.

ಅಂದೇ ಒರತೆಗೆ ಬೇಲಿ ಬಿತ್ತು, ಡ್ರಮ್ಮು ತೋಟದಿಂದ ಹೊರಗೆ ಹೋಯಿತು. ಲೈನಿಗೆ ಹೊಸ ಬಾವಿ ತೋಡಿಸುವ ತನಕ ಮನೆಯ ಬಾವಿಯಿಂದ ಜೀಪಿನಲ್ಲಿ ನೀರು ಸಾಗಿಸಿದ್ದು ಸ್ವತಃ ಮಾವ. ಅವರು ಗೊಣಗುತ್ತಲೇ ಇದ್ದರು, ಆದರೆ ಮಗು ಚೇತರಿಸಿಕೊಂಡಿತು.

ಈ ವರ್ಷ ಹೂಮಳೆ ಬಿದ್ದ ಮೇಲೆ ಮತ್ತೆ ಹೋಗಿದ್ದೆ. ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿದ್ದವು. ಅತ್ತೆ ನನ್ನನ್ನು ಗಿಡಗಳ ನಡುವೆ ಕರೆದೊಯ್ದು, ಹೂವಿನ ವಾಸನೆ ಹೇಗಿದೆ ಹೇಳು ಎಂದರು. ಇದೆಂಥ ಹೊಸ ಪರೀಕ್ಷೆ ಎಂದು ನಕ್ಕೆ. ಅವರು ನಗಲಿಲ್ಲ. ಕೊರೊನಾ ಜ್ವರದಲ್ಲಿ ಹೋದ ವಾಸನೆ ಅವರಿಗೆ ಮರಳಿ ಬಂದೇ ಇಲ್ಲವಂತೆ. ಮಾವನಿಗೂ ಹೇಳಿಲ್ಲವಂತೆ.

ಮಲ್ಲಿಗೆಯ ಹಾಗಿದೆ ಎಂದೆ.

"ಎಲ್ರೂ ಅದ್ನೇ ಹೇಳ್ತಾರೆ. ನಿಧಾನಕ್ಕೆ ಮೂಸಿ ಹೇಳು ಮಾರಾಯ."

ನಾನು ರೆಂಬೆಯೊಂದನ್ನು ಬಗ್ಗಿಸಿ ಕಣ್ಣು ಮುಚ್ಚಿಕೊಂಡೆ. ಅತ್ತೆ ನನ್ನ ಮುಖವನ್ನೇ ನೋಡುತ್ತಾ ನಿಂತರು.