ಭಾವನ ಗುಂಡಿ ಸಿದ್ಧಾಂತ

ಹೆರಿಗೆ ಮಾಡಿಸುವವರು ಡಾಕ್ಟರು ಎಂದು ನೀವು ಇಷ್ಟು ದಿನ ನಂಬಿದ್ದರೆ, ನಿಮಗೆ ನಮ್ಮ ಭಾವನ ಪರಿಚಯವಿಲ್ಲ ಎಂದೇ ಅರ್ಥ. ಹೆರಿಗೆ ಮಾಡಿಸುವುದು ರಸ್ತೆ! ಅದೂ ಎಂಥ ರಸ್ತೆ? ಟಾರಿನ ಮುಖ ಕಾಣದ, ಗುಂಡಿ ಬಿದ್ದ ರಸ್ತೆ. ಡಾಕ್ಟರು ಆ ತುದಿಯಲ್ಲಿ ಕೈಯೊಡ್ಡಿ ನಿಂತಿರುತ್ತಾರೆ, ಅಷ್ಟೇ.

ಈ ಭಾವ ನನ್ನ ಅಕ್ಕನ ಗಂಡ. ಬಸರೀಕಟ್ಟೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಮಾತ್ರ. ಅವರದೊಂದು ಹಳೇ ಜೀಪು. ಬೆಳಿಗ್ಗೆ ಎಸ್ಟೇಟಿನ ಆಳುಗಳು, ಮಧ್ಯಾಹ್ನ ಕೊಪ್ಪದಿಂದ ಅಂಗಡಿ ಸಾಮಾನು, ಹೊತ್ತಲ್ಲದ ಹೊತ್ತಿನಲ್ಲಿ ನೋವು ತಿನ್ನುವ ಬಸುರಿಯರು. ಹೀಗೆ ಸುತ್ತಲಿನ ಹೆಂಗಸರನ್ನೆಲ್ಲ ಕೊಪ್ಪದ ಆಸ್ಪತ್ರೆಗೆ ಮುಟ್ಟಿಸಿ ಮುಟ್ಟಿಸಿ ಅವರಿಗೊಂದು ಸಿದ್ಧಾಂತ ಹೊಳೆದಿತ್ತು.

"ಮೋರಿ ಹತ್ತಿರದ ಗುಂಡಿಗೆ ನೋವು ಬಿರುಸಾಗ್ತದೆ. ಹಲಸಿನ ಮರದ ಗುಂಡಿಗೆ ಮಗು ತಲೆ ಕೆಳಗೆ ಮಾಡ್ತದೆ. ಆ ಹಲಸಿನ ಮರದ್ದು ಸ್ಪೆಷಲಿಸ್ಟ್ ಮಾರಾಯ್ತಿ! ಕಡೇ ತಿರುವಲ್ಲಿ ನಾನು ಹಾರ್ನ್ ಹೊಡೆದ್ರೆ ನರ್ಸು ಬಿಸಿನೀರು ಇಟ್ಟೇಬಿಡ್ಬೇಕು."

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ನಮ್ಮ ರಸ್ತೆಗೂ ಟಾರು ಬಂತು. ಊರಿನವರು ಪಾಯಸ ಮಾಡಿ ಉಂಡರು. ಭಾವ ಮಾತ್ರ ಜೀಪಿನ ಬಾನೆಟ್ ಒರಗಿ ನಿಂತು, ರೋಲರ್ ಹೋಗುವುದನ್ನು ಕರೆಯದ ನೆಂಟರ ಮೆರವಣಿಗೆ ನೋಡಿದ ಹಾಗೆ ಬೇಸರದಿಂದ ನೋಡಿದರು. ಆಮೇಲೆ ಏನಾಯಿತು? ಕೊಪ್ಪಕ್ಕೆ ಹೋದ ಬಸುರಿಯರಲ್ಲಿ ಒಬ್ಬೊಬ್ಬರೇ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಬರತೊಡಗಿದರು. ಭಾವನಿಗೆ ಇನ್ನೇನು ಸಾಕ್ಷಿ ಬೇಕು?

"ನುಣ್ಣಗಿನ ರಸ್ತೆ ಮಾಡಿಟ್ರೆ ಮಗುವಿಗೆ ಹೊರಗೆ ಬರ್ಬೇಕು ಅಂತ ಹ್ಯಾಗೆ ಗೊತ್ತಾಗ್ಬೇಕು? ತೊಟ್ಟಿಲಲ್ಲೇ ಇದ್ದೇನೆ ಅಂದ್ಕೊಳ್ತದೆ! ಮತ್ತೆ ಕೊಯ್ಯದೆ ಎಂತ ಮಾಡೋದು?"

ಅಂದಿನಿಂದ ಅವರು ಸಂಶೋಧನೆಗೆ ಇಳಿದರು. ಕೊಪ್ಪದ ಸಂತೆಯಲ್ಲಿ, ಶೃಂಗೇರಿ ಬಸ್ಸಿನಲ್ಲಿ, ಎಳೆಮಗು ಎತ್ತಿಕೊಂಡವರು ಎಲ್ಲಿ ಕಂಡರೂ ಒಂದೇ ಪ್ರಶ್ನೆ: "ಕೊಯ್ದದ್ದಾ, ತಾನಾಗಿ ಬಂದದ್ದಾ?" ಮಗುವಿನ ಹೆಸರು, ಹೆತ್ತವರ ಊರು, ಇವೆಲ್ಲ ಆಮೇಲಿನ ಮಾತು. ಕೆಲವು ಹೆಂಗಸರು ನಗುತ್ತ ಉತ್ತರ ಹೇಳಿದರು. ಕೆಲವರ ಗಂಡಂದಿರು ನಗದೆ ಉತ್ತರ ಹೇಳಿದರು.

ಮರ್ಯಾದೆಗೆ ಅಂಜಿದ ಅಕ್ಕ, ಮದುವೆ ಮನೆಗಳಲ್ಲಿ ಇವರನ್ನು ಮುದುಕರ ಪಂಕ್ತಿಯಲ್ಲೇ ಕೂರಿಸುವ ಉಪಾಯ ಹೂಡಿದಳು. ಭಾವನೇನು ಎದೆಗುಂದಿದರೇ? ಎಲೆ ಒರೆಸಿಕೊಳ್ಳುತ್ತ ಪಕ್ಕದ ಅಜ್ಜಯ್ಯನನ್ನೇ ಕೇಳಿದರು. ಎಂಬತ್ತು ದಾಟಿದ ಆ ಅಜ್ಜಯ್ಯ ಬಹಳ ಹೊತ್ತು ಯೋಚಿಸಿ, "ನಮ್ಮಮ್ಮ ಹೇಳದೇ ಹೋಗಿಬಿಟ್ಳಲ್ಲ ಮಾರಾಯ" ಎಂದು ಕಳವಳಪಟ್ಟು, ಅವತ್ತು ಪಾಯಸವನ್ನೂ ಸರಿಯಾಗಿ ಉಣ್ಣಲಿಲ್ಲ.

ಇಷ್ಟೆಲ್ಲ ಗುಂಡಿಯ ಮಹಿಮೆ ಹೇಳುವ ಮನುಷ್ಯ ತನ್ನ ಇಬ್ಬರು ಮಕ್ಕಳು ಹುಟ್ಟುವಾಗ ಏನು ಮಾಡಿದ್ದರು ಗೊತ್ತೇ? ಆಗಿನ್ನೂ ರಸ್ತೆ ತುಂಬ ಗುಂಡಿಗಳಿದ್ದವು, ಎಲ್ಲ ಉಚಿತ. ಆದರೂ ಎರಡು ಸಲವೂ ಅಕ್ಕನಿಗೆ ಆರು ತಿಂಗಳಾಗುತ್ತಲೇ ಕೊಪ್ಪದಲ್ಲಿ ಆಸ್ಪತ್ರೆಯ ಎದುರಿಗೇ ಒಂದು ಕೋಣೆ ಹಿಡಿದು ಕೂರಿಸಿಬಿಟ್ಟಿದ್ದರು. ಯಾಕೆ ಭಾವ, ನಿಮ್ಮ ಸ್ಪೆಷಲಿಸ್ಟ್ ಮೇಲೆ ನಿಮಗೇ ನಂಬಿಕೆ ಇಲ್ಲವಾ ಎಂದರೆ, "ಜೀಪು ಗ್ಯಾರೇಜಿಗೆ ಬಿಟ್ಟಿದ್ದೆ" ಎನ್ನುವುದು. ಎರಡು ಬಸುರಿಗೂ ಆರನೇ ತಿಂಗಳಿಗೇ ಸರಿಯಾಗಿ ಕೆಡುವ ಜೀಪು!

ಒಂದು ದಿನ ತಮ್ಮ ಸಂಶೋಧನೆಯನ್ನು ಕೊಪ್ಪದ ಡಾಕ್ಟರಮ್ಮನಿಗೇ ಒಪ್ಪಿಸಲು ಹೊರಟರು. ನಾನು ಮಂಡಿನೋವಿಗೆ ಮಾತ್ರೆ ಬರೆಸಲು ಜೊತೆಗಿದ್ದೆ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ.

"ನೋಡಿ, ಬೇಡದೆ ಇದ್ದಲ್ಲಿ ಕೊಯ್ಯೋದು ನನಗೂ ಇಷ್ಟ ಇಲ್ಲ. ತಾಯಿಗೆ ಗಾಯ ಮಾಗಬೇಕು, ಮುಂದಿನ ಬಸುರಿಗೆ ಜಾಗ್ರತೆ ಬೇಕು, ಕೆಲವು ಮಕ್ಕಳಿಗೆ ಉಸಿರಾಟ ಸರಿ ಆಗೋಕೆ ಸ್ವಲ್ಪ ಹೊತ್ತು ಹಿಡೀತದೆ. ಬೇಕಾದಾಗ ಕೊಯ್ಯದೆ ತಡ ಮಾಡಿದ್ರೆ ಅದಕ್ಕಿಂತ ಕಷ್ಟ. ಅದಿರಲಿ, ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ."

"ಎಂಥ ತಪ್ಪು?" ಭಾವ ಎದೆ ಸೆಟೆಸಿದರು.

"ಈಗ ಕಷ್ಟದ ಹೆರಿಗೆಯವರೂ ಹೊತ್ತಿಗೆ ಸರಿಯಾಗಿ ಬಂದು ಮುಟ್ತಾರೆ, ಹಾಗಾಗಿ ಆಪರೇಷನ್ ಆಗ್ತದೆ. ಮೊದಲು ಆ ಗುಂಡಿ ರಸ್ತೆಯಲ್ಲಿ ಬಂದು ಮುಟ್ಟದೇ ಇದ್ದವರು? ಮುಟ್ಟಿದರೂ ತಡವಾದವರು? ಅವರನ್ನ ಲೆಕ್ಕಕ್ಕೆ ಹಿಡಿದಿದ್ದೀರಾ?"

ಯಾವ ಮಾತಿಗೂ ಎರಡು ಉತ್ತರ ಇಟ್ಟುಕೊಂಡಿರುವ ಭಾವ ಅವತ್ತು ಜೀಪು ಬಸ್ಸಿಗೆ ಅಡ್ಡ ನಿಲ್ಲಿಸಿದ್ದೇನೆ ಎಂದು ಎದ್ದು ಹೋದರು. ನಾನು ಹೊರಗೆ ಬಂದು ನೋಡಿದರೆ ಜೀಪು ಮರದ ನೆರಳಲ್ಲಿ, ಯಾರಿಗೂ ಅಡ್ಡವಿಲ್ಲದೆ ನಿಂತಿತ್ತು.

ಟಾರು ಬಂದು ಕೆಲವು ಮಳೆಗಾಲ ಕಳೆಯುವುದರೊಳಗೆ ಗುಂಡಿಗಳೆಲ್ಲ ತಮ್ಮ ತಮ್ಮ ಹಳೇ ಜಾಗಕ್ಕೆ ಬಂದು ಕೂತವು. ಹಲಸಿನ ಮರದ್ದಂತೂ ಮೊದಲಿಗಿಂತ ಮೈ ತುಂಬಿಕೊಂಡಿತ್ತು. ಆ ವರ್ಷವೇ ನನ್ನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು.

ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ನರಸಿಂಹರಾಜಪುರದವರು. ಭಾವನ ಸಿದ್ಧಾಂತಕ್ಕೆ ಮೂರು ತಾಲೂಕಿನಲ್ಲಿ ಸಿಕ್ಕ ಒಬ್ಬರೇ ಶಿಷ್ಯೆ. ದಿನಾ ಸಂಜೆ ನಾನು ದೀಪ ಹಚ್ಚಿ ಏಳುವುದಕ್ಕೂ ಅವರ ಫೋನು ಬರುವುದಕ್ಕೂ ಸರಿ.

"ಏನ್ರೀ, ನಮ್ಮ ಹುಡುಗೀನ ಇವತ್ತು ಭಾವನೋರು ಜೀಪಲ್ಲಿ ಒಂದು ಸುತ್ತು ಹೊಡೆಸಿದ್ರಾ? ಕೊಯ್ಯೋದು ಗಿಯ್ಯೋದು ನಮ್ಮ ಮನೇಲಿ ಯಾರಿಗೂ ಆಗಿಲ್ಲ ನೋಡಿ."

ನಾನು ಬೇಲಿಯಾಚೆ ಕೂಗಿ ಕೇಳುವುದು. ಭಾವ ಒಂದು ದಿನ ಕ್ಲಚ್ಚು ಸರಿಯಿಲ್ಲ ಎನ್ನುವುದು, ಇನ್ನೊಂದು ದಿನ ಡೀಸೆಲ್ ಇಲ್ಲ ಎನ್ನುವುದು. ಆಳುಗಳನ್ನು ತುಂಬಿಕೊಂಡು ದಿನಾ ಓಡುತ್ತಿದ್ದ ಜೀಪು ನನ್ನ ಮಗಳ ಹೆಸರೆತ್ತಿದರೆ ಸಾಕು, ಕಾಯಿಲೆ ಬೀಳುತ್ತಿತ್ತು. ನಾನು ಆ ಕ್ಲಚ್ಚಿಗೆ ಮನಸ್ಸಿನಲ್ಲೇ ಕೈಮುಗಿದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ನಾನು ದೋಸೆ ಕಾವಲಿ ಇಡುವ ಹೊತ್ತಿಗೆ ಮಗಳಿಗೆ ನೋವು ಕಾಣಿಸಿತು. ಮೆತ್ತಗಿನ ಹಳೇ ಸೀರೆ, ಫ್ಲಾಸ್ಕು, ಮಗುವಿಗೆ ಟೊಪ್ಪಿ, ಎಲ್ಲ ತುಂಬಿದ ಚೀಲ ಮೊದಲೇ ಸಿದ್ಧವಿತ್ತು. ಅಳಿಯನಿಗೆ ಫೋನು ಮಾಡಿ ಹೊರಗೆ ಬಂದರೆ ಭಾವನ ಜೀಪು ಅಂಗಳದಲ್ಲೇ ಇತ್ತು. ಕ್ಲಚ್ಚು ಅಷ್ಟರಲ್ಲಿ ಗುಣವಾಗಿತ್ತು!

ನಾನೂ ಅಕ್ಕನೂ ಮಗಳನ್ನು ನಡುವೆ ಕೂರಿಸಿಕೊಂಡೆವು. ಜೀಪು ದಿಬ್ಬಣದ ಗಾಡಿಯ ಹಾಗೆ ಮೆಲ್ಲಗೆ ಹೊರಟಿತು. ಮೋರಿ ಬಂತು. ನಾನು ಹಲ್ಲು ಕಚ್ಚಿ ಹಿಡಿದುಕೊಂಡೆ. ಏನೂ ಆಗಲಿಲ್ಲ. ಹಲಸಿನ ಮರ ಬಂತು. ಅಲ್ಲೂ ಏನೂ ಆಗಲಿಲ್ಲ! ಬಗ್ಗಿ ನೋಡಿದರೆ ಗುಂಡಿಗೆ ಜಲ್ಲಿ, ಕೆಮ್ಮಣ್ಣು ಹಾಕಿ ಯಾರೋ ಚೆನ್ನಾಗಿ ಗಟ್ಟಿಸಿದ್ದರು.

"ಭಾವ, ಸ್ಪೆಷಲಿಸ್ಟ್ ಎಲ್ಲಿ?"

"ಯಾರೋ ಕೆಲಸ ಇಲ್ಲದವ್ರು ಮುಚ್ಚಿದ್ದಾರೆ" ಎಂದರು, ತಿರುಗಿ ನೋಡದೆ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, ಮಗುವಿನ ಎದೆಬಡಿತ ಇಳಿಯುತ್ತಿದೆ, ಇನ್ನು ಕಾಯುವಂತಿಲ್ಲ, ಆಪರೇಷನ್ ಮಾಡಲೇಬೇಕು ಎಂದರು. ಅಳಿಯ ಪೆನ್ನು ತೆಗೆದ. ಅವನ ಜೊತೆಗೇ ಬಂದಿದ್ದ ಬೀಗಿತ್ತಿ ಅವನ ಕೈ ಹಿಡಿದರು.

"ತಡಿಯೋ. ಏನವಸರ? ಭಾವನೋರೇ, ನೀವು ಹೇಳಿ. ಒಂದು ಸಲ ಜೀಪಲ್ಲಿ ಕೂರಿಸ್ಕೊಂಡು ಆ ಹಲಸಿನ ಮರದ ತನಕ ಹೋಗಿ ಬಂದ್ರೆ?"

ಅಳಿಯ ಭಾವನ ಮುಖ ನೋಡಿದ. ನಾನೂ ನೋಡಿದೆ. ಒಳಗೆ ಮಗಳು ನರಳುವುದು ಕೇಳುತ್ತಿತ್ತು. ಭಾವ ಟವೆಲಿನಿಂದ ಮುಖ ಒರೆಸಿಕೊಂಡರು.

"ಸೈನ್ ಹಾಕಪ್ಪ."

"ಅಲ್ಲ, ನೀವೇ ಹೇಳ್ತಿದ್ರಲ್ಲ..." ಬೀಗಿತ್ತಿ ಬಿಡಲಿಲ್ಲ.

"ಹೇಳ್ತಿದ್ದೆ. ಅದೆಲ್ಲ ಸುಳ್ಳು ತಾಯಿ. ರಸ್ತೆಯಿಂದ ಎಂತದೂ ಆಗೋದಿಲ್ಲ. ಬೇಗ ಹಾಕೋ ಮಾರಾಯ!"

ಅಳಿಯ ಸೈನ್ ಹಾಕಿದ. ಬಾಗಿಲು ಮುಚ್ಚಿತು. ಭಾವ ಹೊರಗೆ ಹೋಗಿ ಜೀಪಿನ ಹತ್ತಿರ ನಿಂತುಕೊಂಡರು. ನಾನು ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತೆ. ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, ಸಾಸಿವೆ ಮುಗಿದಿದೆ ಎನ್ನುವಷ್ಟು ಸಾಧಾರಣ ದನಿಯಲ್ಲಿ ಹೇಳಿದಳು.

"ಗುಂಡಿ ಮುಚ್ಚಿದ್ದು ಇವರೇ. ಮೊನ್ನೆಯಿಂದ ಗುದ್ದಲಿ, ಬುಟ್ಟಿ ಹಿಡ್ಕೊಂಡು ಹೋಗ್ತಿದ್ರು. ನೀನು ಕೇಳ್ಬೇಡ."

ಅವಳೇ ಮುಂದುವರಿಸಿದಳು.

"ನನ್ನ ಮೊದಲಿಂದು, ಈ ಇಬ್ಬರಿಗಿಂತ ಮುಂಚಿಂದು... ನಿಂಗೆ ನೆನಪಿರ್ಲಿಕ್ಕಿಲ್ಲ, ನೀನಾಗ ಲಂಗ ಹಾಕ್ತಿದ್ದೆ. ಇವರೇ ಜೀಪು ಹೊಡ್ಕೊಂಡು ಬಂದದ್ದು. ಹಲಸಿನ ಮರದ ಹತ್ರ ಚಕ್ರ ಹೂತು ಕೂತುಬಿಡ್ತು. ಇಲ್ಲಿಗೆ ಮುಟ್ಟುವಾಗ, ಸ್ವಲ್ಪ ಮೊದಲು ಬಂದಿದ್ರೆ ಕೊಯ್ದಾದ್ರೂ ಉಳಿಸ್ಬಹುದಿತ್ತು ಅಂದ್ರು." ಮುಚ್ಚಳವನ್ನು ಬಿಗಿ ಮಾಡಿದಳು. "ಅವತ್ತಿಂದ ಇವರು ಆ ರಸ್ತೆಯಲ್ಲಿ ಏನಾದ್ರೂ ಒಂದು ಒಳ್ಳೇದು ಉಂಟಾ ಅಂತ ಹುಡುಕ್ತಾನೇ ಇದ್ದಾರೆ."

ಆ ಕಾಲದಲ್ಲಿ ಅಕ್ಕ ಬರಿಗೈಯಲ್ಲಿ ಮನೆಗೆ ಬಂದದ್ದು ನನಗೆ ಮಸುಕಾಗಿ ನೆನಪಿತ್ತು. ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಕೇಳುವ ವಯಸ್ಸು ಬರುವಷ್ಟರಲ್ಲಿ ಭಾವ ಗುಂಡಿಗಳ ಬಗ್ಗೆ ಮಾತಾಡಲು ಸುರು ಮಾಡಿದ್ದರು, ನಾವೆಲ್ಲ ನಗಲು ಸುರು ಮಾಡಿದ್ದೆವು.

ಮೊಮ್ಮಗಳು ಹುಟ್ಟಿದಳು. ಮೊದಲು ಅಳಲಿಲ್ಲ, ಆಮೇಲೆ ಆಸ್ಪತ್ರೆ ಹಾರಿಹೋಗುವ ಹಾಗೆ ಅತ್ತಳು. ಕಿಟಕಿಯಿಂದಾಚೆ ಜೀಪಿನ ಹಾರ್ನು ಒಂದು ಸಲ ಕೂಗಿತು. ಮೊಣಕೈ ತಾಗಿತು ಎಂದು ಭಾವ ಆಮೇಲೆ ಹೇಳಿದರು.

ಹೊಲಿಗೆ ಬಿಚ್ಚಿದ ಮೇಲೆ ಮನೆಗೆ ಹೊರಟೆವು. ಮಗಳು ಹೊಟ್ಟೆಗೆ ದಿಂಬು ಒತ್ತಿಕೊಂಡು ಮುಂದಿನ ಸೀಟಿನಲ್ಲಿ, ಮಗು ನನ್ನ ತೊಡೆಯ ಮೇಲೆ. ಹಲಸಿನ ಮರದ ಹತ್ತಿರ ಭಾವ ಗಕ್ಕನೆ ನಿಲ್ಲಿಸಿದರು. ಲಾರಿಗಳು ಓಡಾಡಿ ಜಲ್ಲಿಯೆಲ್ಲ ಎದ್ದಿತ್ತು. ಅವರು ಇಳಿದು, ಸೀಟಿನಡಿಯಿಂದ ಗುದ್ದಲಿ, ಬುಟ್ಟಿ ತೆಗೆದು, ರಸ್ತೆ ಬದಿಯ ಮಣ್ಣು ಬಗೆದು ಗುಂಡಿಗೆ ಸುರಿಯತೊಡಗಿದರು. ಹಿಂದೆ ಬಂದ ಲಾರಿಯವನು ಹಾರ್ನು ಹೊಡೆದು ಹೊಡೆದು ಸಾಕಾಗಿ ತಲೆ ಹೊರಹಾಕಿದ. ಭಾವನ ಸಿದ್ಧಾಂತ ಗೊತ್ತಿಲ್ಲದ ಡ್ರೈವರು ಆ ದಾರಿಯಲ್ಲಿ ಯಾರಿದ್ದಾರೆ?

"ಎಂಥ ಮಾರಾಯ್ರೇ, ನಿಮ್ಮ ಸ್ಪೆಷಲಿಸ್ಟನ್ನೇ ಮುಚ್ತಿದ್ದೀರಲ್ಲ!"

"ರಿಟೈರ್ ಆಯ್ತು ಅದಕ್ಕೆ" ಎಂದರು ಭಾವ, ಮಣ್ಣನ್ನು ಕಾಲಿನಿಂದ ಮೆಟ್ಟಿ ಮೆಟ್ಟಿ ಗಟ್ಟಿ ಮಾಡುತ್ತ.

ಆಮೇಲೆ ಜೀಪು ಹತ್ತಿ, ಫಸ್ಟ್ ಗೇರಿನಲ್ಲೇ ಅದರ ಮೇಲೆ ಹಾಯಿಸಿದರು. ಮಗುವಿಗೆ ಎಚ್ಚರವಾಗಲಿಲ್ಲ.